ಒಂದು ತಾರೀಖು ತಪ್ಪಿದ್ರೆ ನಿರುದ್ಯೋಗ ಭತ್ಯೆ ನಿಲ್ಲಿಸೋದು ನ್ಯಾಯವಾ?

ಲಗ್ಗೆರೆ ಅಕ್ಕ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ತಮ್ಮ 2023ರಲ್ಲಿ ಬಿಕಾಂ ಮುಗಿಸಿದ. ಆರು ತಿಂಗಳು ಅಲೆದ, ಕೆಲಸ ಸಿಗಲಿಲ್ಲ. ಯುವನಿಧಿಗೆ ಅರ್ಜಿ ಹಾಕಿದ್ವಿ, ತಿಂಗಳಿಗೆ 3000 ಬರೋಕೆ ಶುರುವಾಯ್ತು. ಅದಕ್ಕೆ "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದಕ್ಕೆ ಓದ್ತಾನೂ ಇಲ್ಲ" ಅಂತ 25ನೇ ತಾರೀಖಿನೊಳಗೆ ಸ್ವಯಂ ಘೋಷಣೆ ಕೊಡಬೇಕು. ಕೊಡ್ತಾನೇ ಇದ್ದ. ಒಂದೇ ಒಂದು ಸಲ ತಪ್ಪಿತು.

ಆಧಾರ್‌ಗೆ ಜೋಡಿಸಿರೋದು ಅಪ್ಪನ ನಂಬರ್. ಅಪ್ಪ ಆಟೋ ಓಡಿಸ್ತಾರೆ. ಆ ತಿಂಗಳು ಅಜ್ಜಿ ತೀರಿಕೊಂಡ್ರು, ಎಲ್ಲರೂ ಕುಣಿಗಲ್ ಹತ್ತಿರ ನಮ್ಮೂರಿಗೆ ಹೋದ್ವಿ. ಕಾರ್ಯ ಮುಗಿಯೋವರೆಗೂ ಅಪ್ಪನಿಗೆ ದುಡಿಮೆ ಇಲ್ಲ, ಫೋನಿನ ಕರೆನ್ಸಿ ಕಡೆ ಯಾರಿಗೂ ಗಮನ ಇಲ್ಲ. 24ರ ರಾತ್ರಿ ತಮ್ಮ ಅಪ್ಪನ ಕೀಪ್ಯಾಡ್ ಫೋನ್ ಹಿಡ್ಕೊಂಡು ಒಟಿಪಿಗೆ ಕಾಯ್ತಾ ಇದ್ದಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂಗಿದೆ. ಆಫ್ ಮಾಡ್ತಾನೆ, ಆನ್ ಮಾಡ್ತಾನೆ, ಹಿಂದಿನ ಕವರ್ ತೆಗೆದು ಸಿಮ್‌ನ ಪಂಚೆಯಲ್ಲಿ ಒರೆಸಿ ಮತ್ತೆ ಹಾಕ್ತಾನೆ. ಸಿಗ್ನಲ್ ಇಲ್ಲ ಅಂದ್ಕೊಂಡು ಕತ್ತಲಲ್ಲಿ ತೆಂಗಿನ ತೋಟದ ದಿಬ್ಬ ಹತ್ತಿ ನಿಂತಿದ್ದ. ರೀಚಾರ್ಜ್ ಮುಗಿದು ಮೆಸೇಜ್ ಬರೋದೇ ನಿಂತಿತ್ತು ಅಂತ ಗೊತ್ತಾಗಿದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ. ಅಷ್ಟರಲ್ಲಿ 25 ಕಳೆದಿತ್ತು. ಆ ಕಂತು ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೆಲಸ ಸಿಕ್ಕಿದ್ರೂ ಸುಳ್ಳು ಹೇಳಿ ತಗೊಳ್ಳೋರನ್ನ ಹಿಡೀಲಿ, ನನ್ನ ತಕರಾರಿಲ್ಲ. ನನ್ನ ತಮ್ಮ ಸುಳ್ಳು ಹೇಳಿರಲಿಲ್ಲವಲ್ಲ? ಯಾಕೆ ಕೊಟ್ಟಿಲ್ಲ ಅಂತ ಒಂದು ಮಾತು ಕೇಳದೆ ನಿಲ್ಲಿಸಿಬಿಡೋದು ನ್ಯಾಯವಾ? ಹೊರದೇಶದಲ್ಲೂ ಹೀಗೇನಾ? ಗೊತ್ತಿರೋರು ಹೇಳಿ.

ವಿಜಯನಗರ ಪಿಜಿ:
ನನ್ನ ರೂಮ್‌ಮೇಟ್‌ಗೂ ಇದೇ ಆಗಿತ್ತು. ಪರೀಕ್ಷೆ ಓದೋ ಗಡಿಬಿಡಿಯಲ್ಲಿ ತಾರೀಖು ಮರೆತ. ಆ ತಿಂಗಳು ಮೆಸ್‌ಗೆ ಕಟ್ಟೋಕೆ ನನ್ನ ಹತ್ತಿರ ಸಾಲ ತಗೊಂಡ.

ರಾಜಾಜಿನಗರ ವರ್ಕ್‌ಶಾಪ್:
ಬೇಜಾರು ಮಾಡ್ಕೋಬೇಡಿ ಅಕ್ಕ, ಅಜ್ಜಿ ವಿಷಯ ಕೇಳಿ ನನಗೂ ಸಂಕಟ ಆಯ್ತು. ಆದ್ರೆ ಇನ್ನೊಂದು ಕಡೆಯದನ್ನೂ ಹೇಳಲೇಬೇಕು. ಅದು ಸರ್ಕಾರದ ದುಡ್ಡಲ್ಲ, ಜನರ ದುಡ್ಡು. ಎರಡು ನಿಮಿಷದ ಕೆಲಸ. 1ನೇ ತಾರೀಖಿನಿಂದ 24ರವರೆಗೆ ಏನ್ ಮಾಡ್ತಿದ್ರು? ಕೊನೇ ರಾತ್ರಿವರೆಗೂ ಕಾಯೋದು ಯಾಕೆ?

ನನ್ನದು ಚಿಕ್ಕ ಲೇತ್ ವರ್ಕ್‌ಶಾಪ್, ಐದು ಜನ ಇದ್ದೀವಿ. ಹೋದ ವರ್ಷ ಡಿಪ್ಲೊಮಾ ಮಾಡಿದ ಹುಡುಗ ಒಬ್ಬ ಸೇರಿದ. "ಅಣ್ಣ, ಸಂಬಳ ಬ್ಯಾಂಕ್‌ಗೆ ಹಾಕಬೇಡಿ, ಕೈಗೆ ಕೊಡಿ" ಅಂದ. ಯಾಕೋ ಅಂದ್ರೆ, ಅಕೌಂಟಿಗೆ ಬಂದ್ರೆ ಡಿಪ್ಲೊಮಾದವರಿಗೆ ಬರೋ ಯುವನಿಧಿಯ 1500 ನಿಂತುಹೋಗುತ್ತಂತೆ. ಆಗಲ್ಲ ಅಂದೆ. ಮಾರನೇ ದಿನದಿಂದ ಬರಲಿಲ್ಲ. ಇಂಥವರೂ ಇದ್ದಾರೆ. ಆ ಘೋಷಣೆಯೂ ಇಲ್ಲದಿದ್ರೆ ಹಿಡಿಯೋದು ಹೇಗೆ?

ಲಗ್ಗೆರೆ ಅಕ್ಕ:
@ರಾಜಾಜಿನಗರ ವರ್ಕ್‌ಶಾಪ್ ಅಣ್ಣ, ಮುಂಚೆನೇ ಹಾಕಬಹುದಿತ್ತು, ಅದು ನಮ್ಮದೇ ತಪ್ಪು. ಆದ್ರೆ ಆ ಹುಡುಗನ ಕಥೆಯನ್ನ ಇನ್ನೊಂದು ಸಲ ಯೋಚಿಸಿ. ಅವನು 25ರೊಳಗೆ ಸರಿಯಾಗಿ ಘೋಷಣೆ ಕೊಡ್ತಾ ಇದ್ದಿರ್ತಾನೆ! ಸುಳ್ಳು ಹೇಳೋನಿಗೆ ತಾರೀಖು ಮರೆಯಲ್ಲ. ನಿಂತಿದ್ದು ನನ್ನ ತಮ್ಮನ ದುಡ್ಡು.

ವಿಜಯನಗರ ಪಿಜಿ:
ಇದು ಮಾತು.

ನಿವೃತ್ತ ಗುಮಾಸ್ತ:
ನಾನು ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ನೌಕರಿ ಮಾಡಿದವನು. ಅದರಲ್ಲಿ ಕೆಲವು ವರ್ಷ ಒಂದು ಜಿಲ್ಲೆಯ ಉದ್ಯೋಗ ವಿನಿಮಯ ಕೇಂದ್ರದ ಕಿಟಕಿಯ ಹಿಂದೆ ಕುಳಿತಿದ್ದೆ. ಈಗಿನ ಹುಡುಗರಿಗೆ ಅದರ ಬೆಲೆ ತಿಳಿಯಲಿಕ್ಕಿಲ್ಲ. ಆಗ ಕೈಗೆ ದುಡ್ಡು ಬರುತ್ತಿರಲಿಲ್ಲ, ಒಂದು ಕಾರ್ಡು ಬರುತ್ತಿತ್ತು. ನೋಂದಣಿಯಾದ ದಿನದಿಂದ ಜ್ಯೇಷ್ಠತೆ. ಮೂರು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ತಪ್ಪಿದರೆ ಜ್ಯೇಷ್ಠತೆ ಹೋಯಿತು, ಮತ್ತೆ ಸಾಲಿನ ಕೊನೆಗೆ.

ಒಮ್ಮೆ ಒಬ್ಬ ತಾಯಿ ಬಂದರು. ಮಗನಿಗೆ ಕಾಮಾಲೆ, ಹಾಸಿಗೆ ಹಿಡಿದಿದ್ದ. ಕಾರ್ಡನ್ನು ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದಿದ್ದರು. ಗಡುವು ಮುಗಿದು ಕೆಲವೇ ದಿನಗಳಾಗಿದ್ದವು. ಒಂಬತ್ತು ವರ್ಷದ ಜ್ಯೇಷ್ಠತೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದವನು ನಾನು. ನಿಯಮ ಹಾಗಿತ್ತು, ನಾನು ಲಂಚ ತಿಂದವನೂ ಅಲ್ಲ, ಯಾರ ಮೇಲೂ ದ್ವೇಷ ಇದ್ದವನೂ ಅಲ್ಲ. ಆ ಗೆರೆ ಎಳೆಯುವ ಮೊದಲು ನಾನು ಮೇಲಧಿಕಾರಿಗೆ ಒಂದು ಟಿಪ್ಪಣಿ ಬರೆಯಬಹುದಿತ್ತು. ಬರೆಯಲಿಲ್ಲ. ಆ ಹೆಣ್ಣುಮಗಳ ಮುಖ ನನಗೆ ಇನ್ನೂ ನೆನಪಿದೆ.

ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ಗಡುವಿಲ್ಲದೆ ಕಚೇರಿ ನಡೆಯದು. ಆದರೆ ಗೆರೆ ಎಳೆಯುವ ಮೊದಲು ಕೇಳುವ ಒಬ್ಬ ಮನುಷ್ಯ ಇರಬೇಕು.

ಲೀಡ್ಸ್‌ನಲ್ಲಿ ಮಂಡ್ಯದವಳು:
ಹೊರದೇಶದ ಬಗ್ಗೆ ಕೇಳಿದ್ರಲ್ಲ ಅಕ್ಕ, ನಾನು ಇಂಗ್ಲೆಂಡಿನಲ್ಲಿ ಏಳು ವರ್ಷದಿಂದ ಇದ್ದೀನಿ. ಇಲ್ಲಿ ಭತ್ಯೆಗೆ ಯೂನಿವರ್ಸಲ್ ಕ್ರೆಡಿಟ್ ಅಂತಾರೆ. ಕೆಲಸ ಹುಡುಕೋರು ಒಂದು ಕರಾರಿಗೆ ಒಪ್ಪಿಕೊಳ್ಳಬೇಕು. ಸಾಮಾನ್ಯವಾಗಿ ವಾರಕ್ಕೆ 35 ಗಂಟೆ ಕೆಲಸ ಹುಡುಕಬೇಕು, ಏನು ಮಾಡಿದ್ವಿ ಅಂತ ಆನ್‌ಲೈನ್‌ನಲ್ಲಿ ಬರೀಬೇಕು, ಕರೆದ ದಿನ ಕರೆದ ಹೊತ್ತಿಗೆ ಅಧಿಕಾರಿ ಮುಂದೆ ಹೋಗಿ ಕೂರಬೇಕು. ತಪ್ಪಿದ್ರೆ "ಸ್ಯಾಂಕ್ಷನ್".

ಈ ಪದ ಕೇಳಿ ನಾನು ಮೊದಲ ಸಲ ಪೂರ್ತಿ ಉಲ್ಟಾ ಅರ್ಥ ಮಾಡ್ಕೊಂಡಿದ್ದೆ. ನಮ್ಮೂರಲ್ಲಿ ಲೋನ್ ಸ್ಯಾಂಕ್ಷನ್ ಆಯ್ತು ಅಂದ್ರೆ ಸಿಹಿ ಹಂಚ್ತಾರೆ. ಇಲ್ಲಿ ಸ್ಯಾಂಕ್ಷನ್ ಆಯ್ತು ಅಂದ್ರೆ ದುಡ್ಡು ಕಟ್.

ಮನೆ ಬಾಡಿಗೆಗೆ ಕೊಡೋ ಭಾಗವನ್ನ ಮುಟ್ಟಲ್ಲ. ಊಟ, ಕರೆಂಟು, ಬಸ್ಸಿಗೆ ಅಂತ ಇರೋ ಮೂಲ ಭತ್ಯೆ ಇದೆಯಲ್ಲ, ಅದನ್ನ ಬಹಳ ಸಲ ಪೂರ್ತಿ ನಿಲ್ಲಿಸ್ತಾರೆ. 2012ರಲ್ಲಿ ನಿಯಮ ಬಿಗಿ ಮಾಡಿದಾಗ, ದೊಡ್ಡ ತಪ್ಪನ್ನ ಪದೇ ಪದೇ ಮಾಡಿದೋರಿಗೆ ಮೂರು ವರ್ಷದವರೆಗೂ ನಿಲ್ಲಿಸಬಹುದಿತ್ತು. 2019ರಲ್ಲಿ ಅದನ್ನ ಆರು ತಿಂಗಳಿಗೆ ಇಳಿಸಿದ್ರು. ಕೆಲಸ ಬೇಡ ಅಂದೋರಿಗೆ ತಾನೇ ಈ ಶಿಕ್ಷೆ ಅಂತ ನೀವು ಅಂದ್ಕೋಬಹುದು. ಇಲ್ಲ. ಈಚಿನ ವರ್ಷಗಳ ಲೆಕ್ಕದಲ್ಲಿ ಹತ್ತು ಸ್ಯಾಂಕ್ಷನ್‌ನಲ್ಲಿ ಒಂಬತ್ತು, ಕರೆದ ಭೇಟಿಗೆ ಹೋಗದೆ ಇದ್ದಿದ್ದಕ್ಕೆ.

ನಾನು ಶನಿವಾರ ಒಂದು ಆಹಾರ ಬ್ಯಾಂಕಿನಲ್ಲಿ ಸೇವೆಗೆ ಹೋಗ್ತೀನಿ. ದಿನಸಿ ಚೀಲ ಕಟ್ಟಿಕೊಡೋದು. ಒಬ್ಬರು ಬಂದ್ರು, ನಮ್ಮಪ್ಪನ ವಯಸ್ಸು. ಪಾಸ್ತಾ, ಅಕ್ಕಿ ಎಲ್ಲ ಚೀಲಕ್ಕೆ ಹಾಕ್ತಿದ್ದೆ, ಅವರು ಮೆಲ್ಲಗೆ "ಅದು ಬೇಡಮ್ಮ, ಬೇಯಿಸದೆ ತಿನ್ನೋದು ಏನಾದ್ರೂ ಇದ್ರೆ ಕೊಡು" ಅಂದ್ರು. ಇಲ್ಲಿ ಎಷ್ಟೋ ಮನೆಗಳಲ್ಲಿ ಕರೆಂಟು, ಗ್ಯಾಸಿಗೆ ಮುಂಗಡ ದುಡ್ಡು ತುಂಬೋ ಮೀಟರ್. ಅವರ ಮೀಟರ್‌ನಲ್ಲಿ ದುಡ್ಡು ಖಾಲಿ. ಅಕ್ಕಿ ಇದ್ದೂ ಬೇಯಿಸೋಕಾಗಲ್ಲ. ಬಸ್ ತಪ್ಪಿ ಭೇಟಿಗೆ ಹೋಗೋದು ತಪ್ಪಿತಂತೆ. ನಾನು ಡಬ್ಬಿ ಮೀನು, ಬ್ರೆಡ್ಡು, ಬಾಳೆಹಣ್ಣು ಕೊಟ್ಟು ಕಳಿಸಿದೆ. ಅವತ್ತು ಮನೆಗೆ ಬಂದು ಅನ್ನಕ್ಕೆ ಇಡೋಕೆ ಕೈಯೇ ಬರಲಿಲ್ಲ ನನಗೆ.

ಮಲ್ಲೇಶ್ವರ ಎಂಟನೇ ಕ್ರಾಸ್:
ಅಲ್ಲಿ ತಿಂಗಳಿಗೆ ಎಷ್ಟು ಕೊಡ್ತಾರೆ ಮೇಡಂ?

ಲೀಡ್ಸ್‌ನಲ್ಲಿ ಮಂಡ್ಯದವಳು:
2024–25ರಲ್ಲಿ, 25 ವರ್ಷ ತುಂಬಿದ ಒಂಟಿ ವ್ಯಕ್ತಿಗೆ ಮೂಲ ಭತ್ಯೆ ತಿಂಗಳಿಗೆ 393.45 ಪೌಂಡ್. 25ರ ಒಳಗಿನವರಿಗೆ 311.68.

ಮಲ್ಲೇಶ್ವರ ಎಂಟನೇ ಕ್ರಾಸ್:
ಅಂದ್ರೆ ಸುಮಾರು 40 ಸಾವಿರ ರೂಪಾಯಿ! ನನ್ನ ಮಗಳ ಮೊದಲ ಸಂಬಳ ಇದಕ್ಕಿಂತ ಕಡಿಮೆ ಇತ್ತು.

ಲೀಡ್ಸ್‌ನಲ್ಲಿ ಮಂಡ್ಯದವಳು:
ಸಾರ್, ರೂಪಾಯಿಗೆ ಬದಲಾಯಿಸಿ ನೋಡಬೇಡಿ. ಇಲ್ಲಿ ಚಳಿಗಾಲದ ಕರೆಂಟು, ಗ್ಯಾಸಿಗೇ ಅದರಲ್ಲಿ ದೊಡ್ಡ ಪಾಲು ಹೋಗುತ್ತೆ. ಇಂದಿರಾ ಕ್ಯಾಂಟೀನ್ ಥರ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗೋ ಜಾಗ ಇಲ್ಲಿಲ್ಲ.

ರಾಜಾಜಿನಗರ ವರ್ಕ್‌ಶಾಪ್:
ವಾರಕ್ಕೆ 35 ಗಂಟೆ ಹುಡುಕಬೇಕು ಅನ್ನೋದು ನನಗೆ ಸರಿಯಾಗೇ ಕಾಣ್ತಿದೆ. ಕೆಲಸ ಹುಡುಕೋದೇ ಅವರ ಕೆಲಸ ಆಗಬೇಕು. ನಮ್ಮಲ್ಲೂ ಆ ನಿಯಮ ಬರಲಿ.

335ಇ ಪ್ರಯಾಣಿಕ:
@ರಾಜಾಜಿನಗರ ವರ್ಕ್‌ಶಾಪ್ ಹುಡುಕೋಕೂ ದುಡ್ಡು ಬೇಕಲ್ಲ ಸಾರ್. ನಾನು ಎಂಟು ತಿಂಗಳು ಹುಡುಕಿದೋನು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಬೆಳಿಗ್ಗೆ ಇಂಟರ್‌ವ್ಯೂ ಅಂದ್ರೆ ಬಸ್ಸಲ್ಲಿ ಎರಡು ಗಂಟೆ ನಂಬೋಕಾಗಲ್ಲ. ಮೆಟ್ರೋಲಿ ಹೋಗೋಣ ಅಂದ್ರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ಆಯ್ತು. ಹೋಗಿ ಬರೋದು, ಜೆರಾಕ್ಸು, ಶರ್ಟು ಇಸ್ತ್ರಿ, ಮಧ್ಯಾಹ್ನದ ಊಟ, ಏನು ಹಿಡಿದು ಮಾಡಿದ್ರೂ ಒಂದು ಇಂಟರ್‌ವ್ಯೂಗೆ ಮುನ್ನೂರು ರೂಪಾಯಿ. ವಾಕ್-ಇನ್ ಅಂತ ಕರೆದು, ಇನ್ನೂರು ಜನರನ್ನ ಬಿಸಿಲಲ್ಲಿ ನಿಲ್ಲಿಸಿ, ಮಧ್ಯಾಹ್ನ ಮೂರಕ್ಕೆ "ರೆಸ್ಯೂಮೆ ಬಿಟ್ಟು ಹೋಗಿ" ಅಂತಾರೆ. 3000ದಲ್ಲಿ ಇಂಥವು ಹತ್ತು. ಆ ದುಡ್ಡು ನಿಲ್ಲಿಸಿದ್ರೆ ಮೊದಲು ನಿಲ್ಲೋದು ಕೆಲಸ ಹುಡುಕೋದೇ.

ವಿಜಯನಗರ ಪಿಜಿ:
ಹೆಣ್ಣುಮಕ್ಕಳಿಗಾದ್ರೂ ಶಕ್ತಿ ಯೋಜನೆಯಿಂದ ಬಸ್ ಫ್ರೀ ಇದೆ. ಅದರಿಂದ ನನ್ನ ತಂಗಿ ಇಂಟರ್‌ವ್ಯೂಗೆ ಧೈರ್ಯವಾಗಿ ಹೋಗ್ತಾಳೆ.

ಮಲ್ಲೇಶ್ವರ ಎಂಟನೇ ಕ್ರಾಸ್:
ಆ ಬಸ್ಸಲ್ಲಿ ನಮಗೆ ನಿಲ್ಲೋಕೂ ಜಾಗ ಇರಲ್ಲ.

335ಇ ಪ್ರಯಾಣಿಕ:
ಅದು ಬಸ್ ಕಡಿಮೆ ಇರೋದರ ತಪ್ಪು ಸಾರ್, ಹತ್ತೋ ಹೆಣ್ಣುಮಕ್ಕಳದ್ದಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.

ಅರ್ಥಶಾಸ್ತ್ರ ಎಂಎ:
ದಂಡದಿಂದ ಉಪಯೋಗವೇ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ವರ್ಕ್‌ಶಾಪ್ ಸಾರ್ ಪರವಾಗಿ ಒಂದು ಅಂಶ ಹೇಳ್ತೀನಿ. ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ ಅಧ್ಯಯನಗಳಲ್ಲಿ, ಭತ್ಯೆ ಕಡಿತ ಆಗುತ್ತೆ ಅಂತ ಎಚ್ಚರಿಕೆ ಕೊಟ್ಟಾಗಲೇ ಜನ ಬೇಗ ಭತ್ಯೆ ಬಿಟ್ಟು ಕೆಲಸಕ್ಕೆ ಸೇರಿದ್ದು ಕಂಡುಬಂತು. ಆದ್ರೆ ಅದರ ಬೆನ್ನಿಗೇ ಇನ್ನೊಂದೂ ಕಂಡಿತು. ಹಾಗೆ ಹೆದರಿ ಸೇರಿದ ಕೆಲಸದಲ್ಲಿ ಸಂಬಳ ಕಡಿಮೆ. ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡಿದ್ರು.

ಬ್ರಿಟನ್ನಿನಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2013ರಿಂದ 2018ರವರೆಗೆ ದೊಡ್ಡ ಅಧ್ಯಯನ ನಡೀತು. ಭತ್ಯೆ ತಗೊಳ್ಳೋ ಅದೇ ಜನರನ್ನ ಮತ್ತೆ ಮತ್ತೆ ಮಾತಾಡಿಸಿದ್ರು. ದಂಡ ಜನರನ್ನ ಕೆಲಸದ ಕಡೆ ತಳ್ಳೋದಕ್ಕಿಂತ ಸಾಲ, ಖಾಯಿಲೆ ಕಡೆ ತಳ್ಳುತ್ತೆ, ನೆರವು ಕೊಟ್ಟಾಗಲೇ ಕೆಲಸ ಸಿಗೋದು ಹೆಚ್ಚು ಅನ್ನೋದು ಅವರಿಗೆ ಕಂಡ ವಿಷಯ.

ಎಚ್ಚರಿಕೆ ಒಂದು, ಕಡಿತ ಇನ್ನೊಂದು. ನಮ್ಮಲ್ಲಿ ಎರಡರ ನಡುವೆ ಅಂತರವೇ ಇಲ್ಲ, ಅದೇ ನನ್ನ ತಕರಾರು.

ಧಾರವಾಡ ಕಡೆಯವ:
ಅಲ್ರೀ, ನೀವೆಲ್ಲಾ ಬೆಂಗಳೂರಾಗ ಕುಂತು ಎರಡು ನಿಮಿಷದ ಕೆಲಸ ಅಂತೀರಿ. ನಮ್ಮ ಊರಾಗ ಒಟಿಪಿ ಬರಬೇಕಂದ್ರ ಗುಡಿ ಕಟ್ಟಿ ಮ್ಯಾಲ ನಿಂದರಬೇಕ್ರಿ. ನಮ್ಮಣ್ಣನ ಮಗಳು ಡಿಗ್ರಿ ಮುಗಿಸ್ಯಾಳ, ಮನ್ಯಾಗ ಒಂದ ಫೋನು, ಅದೂ ಅಣ್ಣನ ಕಿಸೆದಾಗ. ಅಂವ ಹೊಲಕ್ಕ ಹೋದ್ರ ಸಂಜಿಗೇ ಬರಾಂವ. ಆಕಿ ಕಾಲೇಜಿನಾಗ ಮೊದಲ ನಂಬರ್ ಬಂದಾಕಿರಿ, ಆಕಿಗೆ ಫಾರ್ಮ್ ತುಂಬಾಕ ಬರೂದಿಲ್ಲಂತ ಅಲ್ಲ. ಫೋನ್ ಆಕಿ ಕೈಯಾಗ ಇಲ್ಲ, ಅಷ್ಟ.

ಲಗ್ಗೆರೆ ಅಕ್ಕ:
ನೀವು ಹೇಳಿದ್ದು ಓದಿ ಕಣ್ಣು ತುಂಬಿತು ಅಣ್ಣ. ನಮ್ಮನೆಯದ್ದೂ ಅದೇ ಕಥೆ.

ಸಿಟಿ ಸಿವಿಲ್ ವಕೀಲ:
ಕಾನೂನಿನ ಕಡೆಯಿಂದ ಎರಡು ಮಾತು. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ ಕೆಲಸದ ಹಕ್ಕು, ನಿರುದ್ಯೋಗದ ಸಮಯದಲ್ಲಿ ಸರ್ಕಾರದ ನೆರವು, ಎರಡೂ ಇವೆ. ಆದರೆ ಅದು ರಾಜ್ಯ ನೀತಿಯ ನಿರ್ದೇಶಕ ತತ್ವ, ಅದನ್ನು ಮಾತ್ರ ಹಿಡಿದು ಕೋರ್ಟಿಗೆ ಹೋಗಲು ಆಗದು.

ಜರ್ಮನಿಯಲ್ಲಿ ಇಂಥ ವಿಷಯಕ್ಕೆ ಕೋರ್ಟಿಗೆ ಹೋಗಿದ್ದಾರೆ. ಅಲ್ಲಿ ಕೆಲಸ ನಿರಾಕರಿಸಿದವರ ಭತ್ಯೆಯನ್ನು ಶೇ 30, ಆಮೇಲೆ ಶೇ 60, ಕೊನೆಗೆ ಪೂರ್ತಿ ಕಡಿತ ಮಾಡುವ ನಿಯಮವಿತ್ತು. 2019ರ ನವೆಂಬರ್ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ಶೇ 30ಕ್ಕಿಂತ ಹೆಚ್ಚಿನ ಆ ಕಡಿತಗಳು ಆಗಿದ್ದ ರೂಪದಲ್ಲಿ ಮನುಷ್ಯನ ಘನತೆಗೆ ವಿರುದ್ಧ ಎಂದಿತು. ಷರತ್ತು ಹಾಕಬಾರದು ಎನ್ನಲಿಲ್ಲ, ಗಮನಿಸಿ. ಬದುಕಲು ಬೇಕಾದ ಕನಿಷ್ಠ ಹಣಕ್ಕೆ ಕೈ ಹಾಕುವಾಗ ಮಿತಿ ಇರಬೇಕು, ಆ ವ್ಯಕ್ತಿಯ ಪರಿಸ್ಥಿತಿ ನೋಡಬೇಕು ಎಂದಿತು. ಆ ಮೇಲೂ ಅಲ್ಲಿ ಜಗಳ ನಿಂತಿಲ್ಲ. 2024ರಲ್ಲಿ, ಸಿಕ್ಕ ಕೆಲಸವನ್ನು ಬೇಕೆಂದೇ ಮತ್ತೆ ಮತ್ತೆ ತಿರಸ್ಕರಿಸುವವರಿಗೆ ಎರಡು ತಿಂಗಳವರೆಗೆ ಪೂರ್ತಿ ಕಡಿತ ಮಾಡುವ ಅವಕಾಶವನ್ನು ಮತ್ತೆ ತಂದರು.

ನಮ್ಮಲ್ಲಿ ನೈಸರ್ಗಿಕ ನ್ಯಾಯದ ತತ್ವ ಎಂಬುದೊಂದಿದೆ: ಹೇಳಿಕೊಳ್ಳಲು ಅವಕಾಶ ಕೊಡದೆ ಯಾರನ್ನೂ ದಂಡಿಸಬಾರದು. ಆಫೀಸಿನಲ್ಲಿ ಜವಾನನ ಒಂದು ದಿನದ ಸಂಬಳ ಹಿಡಿಯಬೇಕಾದರೂ ನೋಟಿಸ್ ಕೊಡುತ್ತಾರೆ. ಭತ್ಯೆ ನಿಲ್ಲಿಸುವಾಗಲೂ ಅಷ್ಟಾದರೂ ಇರಲಿ.

ರಾಜಾಜಿನಗರ ವರ್ಕ್‌ಶಾಪ್:
ವಕೀಲರೇ, ಲಕ್ಷಾಂತರ ಜನರಿಗೆ ಒಬ್ಬೊಬ್ಬರಿಗೆ ನೋಟಿಸ್ ಕೊಟ್ಟು, ಉತ್ತರ ತಗೊಂಡು, ವಿಚಾರಣೆ ಮಾಡೋಕೆ ಎಷ್ಟು ಜನ ಬೇಕು? ಅವರ ಸಂಬಳ ಯಾರು ಕೊಡೋದು?

ನಿವೃತ್ತ ಗುಮಾಸ್ತ:
ವಿಚಾರಣೆ ಬೇಡ ಸ್ವಾಮಿ. 25 ದಾಟಿದ ಮೇಲೆ ಒಂದು ಕರೆ, ಹದಿನೈದು ದಿನದ ಅವಕಾಶ, ತಡವಾಗಿ ಕೊಟ್ಟರೆ ತಡವಾಗಿ ಪಾವತಿ. ನಾವು ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುತ್ತೇವೆ. ತಡವಾದರೆ ಪಿಂಚಣಿ ನಿಲ್ಲುತ್ತದೆ ನಿಜ, ಆದರೆ ಕೊಟ್ಟ ಮೇಲೆ ಬಾಕಿಯೂ ಸೇರಿ ಬರುತ್ತದೆ. ಮುದುಕರಿಗೆ ತೋರಿಸುವ ತಾಳ್ಮೆಯನ್ನು ಹುಡುಗರಿಗೂ ತೋರಿಸಬಹುದಲ್ಲ?

ಅರ್ಥಶಾಸ್ತ್ರ ಎಂಎ:
ಪಿಂಚಣಿ ಹೋಲಿಕೆ ಸರಿಯಾಗಿದೆ. ಇದು ನನಗೆ ಹೊಳೆದೇ ಇರಲಿಲ್ಲ.

ಬೊಮ್ಮನಹಳ್ಳಿ ಟೈಲರ್:
ನಾನು ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಮಿಷನ್ ತುಳಿದವಳು. ಡಿಗ್ರಿ ಇಲ್ಲ, ನಮಗೆ ಯುವನಿಧಿ ಬರಲ್ಲ. ಕೆಲಸ ಹೋದ್ರೆ ನಮಗೆ ಭತ್ಯೆ ಅಂದ್ರೆ ಪಿಎಫ್ ದುಡ್ಡೇ. ಅದನ್ನೂ ಕಿತ್ಕೊಳ್ಳೋಕೆ ಬಂದಿದ್ರು, ನೆನಪಿದೆಯಾ? 2016ರಲ್ಲಿ ಮಾಲೀಕರ ಪಾಲಿನ ಪಿಎಫ್ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂತು. ನಮ್ಮಲ್ಲಿ 58ರವರೆಗೆ ಯಾರು ಮಿಷನ್ ಮುಂದೆ ಕೂರ್ತಾರೆ? ನಲವತ್ತಕ್ಕೇ ಕಣ್ಣು, ಬೆನ್ನು ಹೋಗಿರುತ್ತೆ. ಏಪ್ರಿಲ್ 18ಕ್ಕೆ ಹೊಸೂರು ರೋಡಿಗೆ ಇಳಿದ್ವಿ. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕಡೆಯೂ ಹಬ್ಬಿತು. ಯಾರೂ ಕರೆ ಕೊಟ್ಟಿರಲಿಲ್ಲ. ಊಟದ ಡಬ್ಬಿ ಕೈಲಿ ಹಿಡ್ಕೊಂಡೇ ಹೊರಗೆ ಬಂದಿದ್ದು ನಾವು. 19ರ ಸಾಯಂಕಾಲ ಆ ನಿಯಮ ವಾಪಸ್ ತಗೊಂಡ್ರು.

ಇಎಸ್‌ಐ ಇರೋರಿಗೆ ಇನ್ನೊಂದು ಇದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, 2018ರಲ್ಲಿ ಬಂದಿದ್ದು. ಕೆಲಸ ಹೋದ್ರೆ 90 ದಿನದವರೆಗೆ ಸರಾಸರಿ ಸಂಬಳದ ಅರ್ಧ. ನನ್ನ ಲೈನ್‌ನಲ್ಲಿದ್ದ ಅರವತ್ತು ಜನರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಕಟ್ ಮಾಡೋ ನಿಯಮ ಜನಕ್ಕೆ ತಲುಪೋಷ್ಟು ಬೇಗ ಕೊಡೋ ನಿಯಮ ತಲುಪಲ್ಲ ಯಾಕೆ?

ವಿಜಯನಗರ ಪಿಜಿ:
ಅಕ್ಕ, ಈ ಇಎಸ್‌ಐದು ನನಗೂ ಗೊತ್ತಿರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಹೇಳ್ತೀನಿ, ಹೋದ ತಿಂಗಳು ಕೆಲಸ ಹೋಯ್ತು.

ಬೊಮ್ಮನಹಳ್ಳಿ ಟೈಲರ್:
ಹೇಳಪ್ಪ. ವಂತಿಗೆ ಎಷ್ಟು ದಿನ ಕಟ್ಟಿದ್ದಾರೆ ಅನ್ನೋದು ಲೆಕ್ಕಕ್ಕೆ ಬರುತ್ತೆ, ಹಳೇ ಸಂಬಳದ ಚೀಟಿ ಬಿಸಾಕಬೇಡಿ ಅನ್ನು.

ನಿರ್ವಾಹಕ:
ಯಾರೂ ಇಲ್ಲಿ ಆಧಾರ್, ಪಿಎಫ್, ಇಎಸ್‌ಐ ನಂಬರ್ ಹಾಕಬೇಡಿ. ಈಗ ಎರಡು ಪೋಸ್ಟ್ ತೆಗೆದಿದ್ದೀನಿ.

ಮಲ್ಲೇಶ್ವರ ಎಂಟನೇ ಕ್ರಾಸ್:
ನಾನು ಮೊದಲಿಂದ ಓದ್ತಾ ಇದ್ದೀನಿ. ಈ ಬಿಟ್ಟಿ ಯೋಜನೆಗಳ ವಿರೋಧಿ ನಾನು, ಈಗಲೂ ಅದೇ. ಆದ್ರೆ ಕೊಡ್ತೀವಿ ಅಂತ ಮಾತು ಕೊಟ್ಟ ಮೇಲೆ ಕೊಡೋ ರೀತಿಯಲ್ಲಿ ಮರ್ಯಾದೆ ಇರಬೇಕು. ಸತ್ತ ಮನೆಯಲ್ಲಿದ್ದ ಹುಡುಗನಿಗೆ ತಾರೀಖು ತಪ್ಪಿತು ಅಂತ ನಿಲ್ಲಿಸೋದು ನನಗೂ ಒಪ್ಪಿಗೆ ಆಗಲಿಲ್ಲ.

ರಾಜಾಜಿನಗರ ವರ್ಕ್‌ಶಾಪ್:
ಸರಿ, ಗುಮಾಸ್ತರು ಹೇಳಿದ ಹದಿನೈದು ದಿನದ ಮಾತು ಒಪ್ಪಿದೆ. ತಡವಾದೋರಿಗೆ ಬಾಕಿ ಸೇರಿಸಿ ಕೊಡಲಿ. ಆದ್ರೆ ಸುಳ್ಳು ಘೋಷಣೆ ಕೊಟ್ಟು ಸಿಕ್ಕಿಬಿದ್ದೋರಿಂದ ಪೂರ್ತಿ ವಸೂಲಿ ಮಾಡಲಿ, ಅದರಲ್ಲಿ ನಾನು ಒಂದಿಂಚೂ ಹಿಂದೆ ಸರಿಯಲ್ಲ.

ಲೀಡ್ಸ್‌ನಲ್ಲಿ ಮಂಡ್ಯದವಳು:
ಅದಕ್ಕೆ ಯಾರ ವಿರೋಧವೂ ಇಲ್ಲ ಅಣ್ಣ. ಇಲ್ಲಿ ಸ್ಯಾಂಕ್ಷನ್ ಆದೋರಿಗೆ ಕಷ್ಟಕಾಲದ ದುಡ್ಡು ಅಂತ ಸ್ವಲ್ಪ ಕೊಡ್ತಾರೆ, ಅದನ್ನೂ ಮುಂದಿನ ಭತ್ಯೆಯಲ್ಲಿ ಹಿಡ್ಕೊಳ್ತಾರೆ. ಅಂದ್ರೆ ದಂಡ ಮುಗಿದ ಮೇಲೂ ಸಾಲ ಉಳಿಯುತ್ತೆ. ನಮ್ಮವರು ಈ ಭಾಗವನ್ನ ಮಾತ್ರ ಕಲಿಯದೆ ಇರಲಿ.

335ಇ ಪ್ರಯಾಣಿಕ:
@ಲಗ್ಗೆರೆ ಅಕ್ಕ, ಮೊದಲು ಒಂದು ಕೆಲಸ ಮಾಡಿ. ತಮ್ಮನನ್ನ ಆಧಾರ್ ಕೇಂದ್ರಕ್ಕೆ ಕಳಿಸಿ ಅವನದ್ದೇ ನಂಬರ್ ಜೋಡಿಸಿ. ಅಪ್ಪನ ಸಿಮ್ ಮೇಲೆ ಎಲ್ಲಾ ನಿಂತಿದ್ರೆ ನಾಳೆ ಬ್ಯಾಂಕ್ ಕೆಲಸಕ್ಕೂ ಇದೇ ತೊಂದರೆ.

ಲಗ್ಗೆರೆ ಅಕ್ಕ:
ಹೌದು, ಇವತ್ತು ಬೆಳಿಗ್ಗೆ ಹೋಗಿ ಕೊಟ್ಟು ಬಂದ್ವಿ.

ಇನ್ನೊಂದು ಹೇಳಬೇಕು. ನಿನ್ನೆ ರಾತ್ರಿ ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಗುಮಾಸ್ತರ ಕಾರ್ಡಿನ ವಿಷಯ ಬಂದಾಗ ಅವನು ಎದ್ದು ಒಳಗೆ ಹೋದ. ಆಮೇಲೆ ಬಂದು "ಅಕ್ಕ, ದುಡ್ಡು ನಿಂತ ತಿಂಗಳು ನಾನು ಎರಡು ಇಂಟರ್‌ವ್ಯೂಗೆ ಹೋಗ್ಲಿಲ್ಲ, ನಿಮಗ್ಯಾರಿಗೂ ಹೇಳ್ಲಿಲ್ಲ" ಅಂದ. ಅಪ್ಪನ ಹತ್ತಿರ ಬಸ್ಸಿಗೆ ಕಾಸು ಕೇಳೋಕೆ ಮನಸ್ಸು ಬರಲಿಲ್ಲವಂತೆ. ಬೆಳಿಗ್ಗೆ ಶರ್ಟ್ ಹಾಕ್ಕೊಂಡು ಹೊರಟು, ಸಾಯಂಕಾಲದವರೆಗೂ ಲೈಬ್ರರಿಯಲ್ಲಿ ಕೂತು ಬಂದಿದ್ದನಂತೆ. ನಾನು ಅವತ್ತು "ಹೇಗಾಯ್ತೋ" ಅಂತ ಕೇಳಿದ್ದೆ, "ಪರವಾಗಿಲ್ಲ" ಅಂದಿದ್ದ.

ರಾಜಾಜಿನಗರ ವರ್ಕ್‌ಶಾಪ್:
ಅಕ್ಕ, ಅವನಿಗೆ ಟ್ಯಾಲಿ ಬರುತ್ತಾ? ನಮ್ಮ ಪಕ್ಕದ ಶೆಡ್‌ನವರು ಬಿಲ್ಲಿಂಗ್‌ಗೆ ಹುಡುಗನ್ನ ಹುಡುಕ್ತಿದ್ದಾರೆ. ಸಂಬಳ ಬ್ಯಾಂಕಿಗೇ ಹಾಕ್ತಾರೆ. ಮೆಸೇಜ್ ಮಾಡಿ.

ಲಗ್ಗೆರೆ ಅಕ್ಕ:
ಬರುತ್ತೆ ಅಣ್ಣ. ಈಗಲೇ ಮಾಡ್ತೀನಿ.